ಕಲ್ಲಿಗೆ ಬಡಿದ ಕೊಂಡಿ

ಅವತ್ತು ನನಗೆ ಬಿಸಿಲು ಬಡಿಯಿತು ಎಂದು ಎಲ್ಲರೂ ಹೇಳಿದರು, ನಾನು ನಂಬಿದೆ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವಳಿಗೆ, ಅದೂ ದೀಪಾವಳಿ ಮುಗಿದ ಮೇಲೆ, ಬೆಳಗಿನ ತಂಪೊತ್ತಿನಲ್ಲಿ ಎಂಥ ಬಿಸಿಲು? ಮೇ ತಿಂಗಳ ಬಿಸಿಲಲ್ಲಿ ಬರಿಗಾಲಲ್ಲಿ ಮಾಳಿಗೆ ಮೇಲೆ ಹಪ್ಪಳ ಒಣಹಾಕಿದ ಹೆಂಗಸು ನಾನು. ಆದರೂ ಒಂದು ಮಾತು ಕೇಳಲಿಲ್ಲ. ನಮ್ಮ ಮೇಲೆ ಜೀವ ಇಟ್ಟುಕೊಂಡವರು ಹೇಳಿದ ಸುಳ್ಳು ಬಹಳ ಬೇಗ ಗಂಟಲಲ್ಲಿ ಇಳಿಯುತ್ತದೆ.

ನನ್ನ ಹೆಸರು ಸುನಂದಾ. ಮೊದಲು ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ಆಮೇಲೆ ಪುಣೆ ಕಡೆಗೆ ಹೋಗಿ ಪ್ಯಾರಾಗ್ಲೈಡಿಂಗ್ ಕಲಿತು ಬಂದೆ. ಅಲ್ಲಿ ನನ್ನ ಜೊತೆ ಕಲಿತವರು ನಮ್ಮೂರಿನವರೇ ಆದ ರಫೀಕ್ ಭಾಯಿ. ಮೋಮಿನಪುರದವರು, ನನಗಿಂತ ದೊಡ್ಡವರು. ಇಬ್ಬರೂ ಸೇರಿ ಕಮಲಾಪುರದ ಹೊರಗಿನ ಗುಡ್ಡದ ಮೇಲಿಂದ ಟ್ಯಾಂಡೆಮ್ ಹಾರಾಟ ಶುರು ಮಾಡಿದೆವು. ಟ್ಯಾಂಡೆಮ್ ಅಂದರೆ ಇಬ್ಬರ ಹಾರಾಟ. ಮುಂದೆ ಗಿರಾಕಿ, ಹಿಂದೆ ಹಾರಿಸುವವರು, ಮೇಲೆ ಒಂದೇ ರೆಕ್ಕೆ. ಗಂಡಸು ಹಾರಿದರೆ ಸಾಹಸ, ನಾನು ಹಾರಿದರೆ ‘ಆಕಿಗೆ ತಲಿ ಕೆಟ್ಟದ’ ಎಂದ ಬಂಧುಗಳೇ ಆಮೇಲೆ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಗುಡ್ಡಕ್ಕೆ ಬಂದರು. ಪುಕ್ಕಟೆ ಹಾರಿಸು ಎಂದು ಬೇರೆ.

ನಮ್ಮ ಸೀಮೆಯಲ್ಲಿ ನೆಲ ಕಾದರೆ ಗಾಳಿ ಕುದಿಯುವ ಎಸರಿನ ಹಾಗೆ ಏಳುತ್ತದೆ. ಅದಕ್ಕೇ ಬೆಳಗಿನ ತಂಪಿನಲ್ಲಿ ಹಾರಿ, ಬಿಸಿಲೇರುವ ಮೊದಲೇ ರೆಕ್ಕೆ ಮಡಚಿಬಿಡುತ್ತಿದ್ದೆವು. ಎಷ್ಟೇ ದೊಡ್ಡ ಮನುಷ್ಯ ಬಂದು ನಿಂತರೂ ಮಧ್ಯಾಹ್ನ ಹಾರಾಟ ಇಲ್ಲ. ಇನ್ನೊಂದು ಕಟ್ಟಳೆ ಇತ್ತು. ಸಾಮಾನಿನ ವಿಷಯದಲ್ಲಿ ಯಾರೂ ಸುಳ್ಳು ಹೇಳಬಾರದು. ಹೆಲ್ಮೆಟ್ ಕೈ ಜಾರಿ ಬಿತ್ತೇ, ದಾರದ ಮೇಲೆ ಕಾಲಿಟ್ಟೆಯೇ, ರೆಕ್ಕೆಗೆ ಮುಳ್ಳು ತಾಗಿತೇ, ಕೇಳಿದ ತಕ್ಷಣ ಇದ್ದದ್ದು ಇದ್ದ ಹಾಗೆ ಹೇಳಬೇಕು. ಹೇಳಿದವರನ್ನು ಯಾರೂ ಬಯ್ಯುವುದಿಲ್ಲ. ಈ ಕಟ್ಟಳೆ ಮಾಡಿದವರು ರಫೀಕ್ ಭಾಯಿ. ಬೇರೆ ವಿಷಯದಲ್ಲಿ ಅವರು ಸತ್ಯಹರಿಶ್ಚಂದ್ರರೇನಲ್ಲ. ‘ಹತ್ತು ನಿಮಿಷದಾಗ ಬಂದೆ’ ಎಂದರೆ ಒಂದು ತಾಸು ಎಂದು ತಿಳಿದುಕೊಳ್ಳಬೇಕು.

ಆ ಬೆಳಿಗ್ಗೆ ಒಬ್ಬ ಗಿರಾಕಿಯನ್ನು ಹಾರಿಸಿ, ಗುಡ್ಡದ ಬುಡದ ಹೊಲದಲ್ಲಿ ಇಳಿಸಿದ್ದೆ. ಅವರು ಬೆಲ್ಟು ಬಿಚ್ಚಿ ಫೋಟೋ ತೆಗೆಸಿಕೊಳ್ಳಲು ಹೋದರು. ನಾನು ರೆಕ್ಕೆ ಒಟ್ಟು ಮಾಡುತ್ತಿದ್ದೆ. ಅಲ್ಲಿಯವರೆಗೆ ನೆನಪಿದೆ. ಕಣ್ಣು ಬಿಟ್ಟಾಗ ಕಮಲಾಪುರದ ಒಂದು ಚಿಕ್ಕ ದವಾಖಾನೆಯಲ್ಲಿದ್ದೆ, ಕೈಗೆ ಸಲೈನ್ ಹಚ್ಚಿದ್ದರು. ಪಕ್ಕದಲ್ಲಿ ನನ್ನ ಗಂಡ ಚಂದ್ರಕಾಂತ ಕುಳಿತಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮನುಷ್ಯ, ಜಿರಳೆ ಹೊಡೆಯಲಿಕ್ಕೂ ಕೈ ನಡುಗುತ್ತದೆ.

“ಬಿಸಿಲು ಬಡದದ ನಿನಗ. ಏನೂ ಇಲ್ಲ” ಅಂದರು.

“ನಾಲಿಗಿ ಯಾಕ ಇಷ್ಟು ನೋಯ್ತದ?”

“ಬಿದ್ದಾಗ ಹಲ್ಲು ತಾಕ್ಯಾವ.”

ಸಂಜೆಗೆ ಅವ್ವ ನಮ್ಮ ಮನೆಗೆ ಬಂದಳು. ನಮ್ಮದು ಶರಣಸಿರಸಗಿಯ ಕಡೆ ಹೊಸ ಲೇಔಟಿನಲ್ಲಿ ಮನೆ. ಅವ್ವ ಕೋಟೆ ಹತ್ತಿರ ನನ್ನ ತಮ್ಮನ ಜೊತೆ ಇರುತ್ತಾಳೆ. ಬಂದವಳೇ ನಿಂಬೆಹಣ್ಣು ನಿವಾಳಿಸಿದಳು, ತೋಳಿಗೆ ತಾಯಿತ ಕಟ್ಟಿದಳು. ಬಿಸಿಲಿಗೆ ಯಾರಾದರೂ ತಾಯಿತ ಕಟ್ಟುತ್ತಾರೇನವ್ವಾ ಎಂದು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಶುರುವಾಯಿತು ರಫೀಕ್ ಭಾಯಿಯ ಆಟ. ನಾನು ಗುಡ್ಡಕ್ಕೆ ಹೋದ ದಿನವೆಲ್ಲ “ಬೆಹೆನ್, ಇವತ್ತು ಗಾಳಿ ಸರಿ ಇಲ್ಲ” ಎನ್ನುವರು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ನನ್ನ ಕಣ್ಣೆದುರೇ ಇತ್ತು, ಮದುವೆ ಹೆಣ್ಣಿನ ಹಾಗೆ ಮೆಲ್ಲಗೆ ತಲೆಯೆತ್ತಿ ನಿಂತಿತ್ತು. ಅದಕ್ಕಿಂತ ಚೊಲೋ ಗಾಳಿ ಎಲ್ಲಿಂದ ತರಲಿ? ಒಂದು ದಿನ ಇಳಿಯುವ ಹೊಲ ಕೆಸರಾಗಿದೆ ಎಂದರು. ಇನ್ನೊಂದು ದಿನ ಬಂದ ಗಿರಾಕಿ ಬಹಳ ದಪ್ಪ, ನಿನಗೆ ಆಗಂಗಿಲ್ಲ ಎಂದರು. ಅವನನ್ನು ನೋಡಿದರೆ ಜೋಳದ ದಂಟಿನ ಹಾಗಿದ್ದ! ನನ್ನನ್ನು ಕೆಳಗೆ ಕೂರಿಸಿ ಎಲ್ಲರನ್ನೂ ತಾವೇ ಹಾರಿಸಿದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮೈಯೆಲ್ಲ ಉರಿಯಿತು. ಜೊತೆಗೆ ಕಟ್ಟಿದ ಕೆಲಸದಿಂದ ನನ್ನನ್ನು ಹೊರಗೆ ಹಾಕುವ ಯೋಚನೆ ಎಂದು ತಿಳಿದೆ. ಮನೆಗೆ ಬಂದು ಗಂಡನ ಮುಂದೆ ಆ ಮನುಷ್ಯನ ಏಳು ತಲೆಮಾರು ಜಾಲಾಡಿದೆ. ಗಂಡ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ, “ಇರ್ಲಿ ಬಿಡು, ಸ್ವಲ್ಪ ದಿನ ಆರಾಮ ಮಾಡು” ಅಂದರು. ನನ್ನ ಪರವಾಗಿ ಒಂದು ಮಾತಾಡದ ಗಂಡನ ಮೇಲೂ ಸಿಟ್ಟು ಬಂತು.

ಧನುರ್ಮಾಸ ಬಂತು. ಆ ತಿಂಗಳು ನಮ್ಮಲ್ಲಿ ಮದುವೆ ಇಲ್ಲ, ಕಲ್ಯಾಣ ಮಂಟಪಗಳೆಲ್ಲ ಖಾಲಿ. ನನ್ನ ದೊಡ್ಡಪ್ಪನ ಮಗನದೊಂದು ಮಂಟಪ ಇದೆ. ರೆಕ್ಕೆಗೆ ಬಿಸಿಲು ಆಗದು, ಬಟ್ಟೆ ಸಾಯುತ್ತದೆ. ಹಾಗಾಗಿ ಪ್ರತಿ ವರ್ಷ ಆ ಮಂಟಪದ ನೆರಳಲ್ಲಿ ರೆಕ್ಕೆ ಹಾಸಿ, ಹೊಲಿಗೆ ನೋಡಿ, ದಾರಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ, ಆಪತ್ತಿಗೆ ಇಟ್ಟ ಪ್ಯಾರಾಚೂಟು ಬಿಚ್ಚಿ ಗಾಳಿಗೆ ಹಾಕಿ ಮತ್ತೆ ಮಡಚಿಡುವುದು ನಮ್ಮ ರೂಢಿ. ವಧೂವರರ ಕುರ್ಚಿ ಇಡುವ ಜಾಗದಲ್ಲಿ ನಮ್ಮ ಪ್ಯಾರಾಚೂಟು ಜೋತುಬಿದ್ದಿರುತ್ತಿತ್ತು.

ಆ ವರ್ಷವೂ ಇಬ್ಬರೂ ಮಾತಿಲ್ಲದೆ ಕೆಲಸ ಮಾಡುತ್ತಿದ್ದೆವು. ರೆಕ್ಕೆಯ ದಾರಗಳನ್ನೂ ನಾವು ಕೂರುವ ಬೆಲ್ಟುಗಳನ್ನೂ ಕೂಡಿಸುವುದು ಅಂಗೈ ಅಗಲದ ಎರಡು ಲೋಹದ ಕೊಂಡಿಗಳು. ಇಬ್ಬರ ಜೀವವೂ ಅವುಗಳಿಗೇ ಜೋತುಬಿದ್ದಿರುತ್ತದೆ. ನೋಡಿದರೆ ನನ್ನ ಜೋಡಿ ಎರಡೂ ಹೊಸವು! ಹಳೆಯವು ಇನ್ನೂ ಚೊಲೋ ಇದ್ದವಲ್ಲ? ಚೀಲದ ಪಕ್ಕದ ಜೇಬಿಗೆ ಕೈ ಹಾಕಿದೆ. ಹಳೆಯವು ಅಲ್ಲಿದ್ದವು. ಒಂದರ ಬೆನ್ನಿಗೆ ಆಳವಾದ ಗಾಯ, ಕೊಂಡಿ ತೆರೆದು ಮುಚ್ಚುವ ಬಾಗಿಲು ಕಚ್ಚಿಕೊಂಡು ತೆರೆಯುತ್ತಿತ್ತು.

“ಭಾಯಿ, ಇದನ್ನ ಕಲ್ಲಿಗೆ ಬಡದವರು ಯಾರು?”

ಅವರು ದಾರ ಸವರುತ್ತಲೇ ಇದ್ದರು.

“ಸಾಮಾನಿನ ಮಾತು ಕೇಳ್ಲಾಕತ್ತೀನಿ ಭಾಯಿ. ಯಾರು ಬಡದಾರ?”

ಆ ಕಟ್ಟಳೆಗೆ ಕಟ್ಟುಬಿದ್ದ ಮನುಷ್ಯ. ಕೆಳಗೆ ಕುಳಿತುಬಿಟ್ಟರು.

“ನೀನೇ ಬಡದಿ, ಬೆಹೆನ್” ಅಂದರು. “ಆವತ್ತು ನೀ ಹೊಲದಾಗ ಬಿದ್ದಿ. ಕೈಕಾಲು ಒಂದೇ ಸವನ ಜಾಡಸ್ಲಾಕತ್ತಿ, ಬಾಯಾಗ ನೊರಿ. ಬಾಳಿತೋಟದ ಮಂದಿ ಓಡಿ ಬಂದು ‘ಕಬ್ಬಣ ಕೊಡ್ರಿ, ಕೈಯಾಗ ಕಬ್ಬಣ ಕೊಡ್ರಿ’ ಅಂತ ಒದರಿದ್ರು. ನಾನೂ ಆಗಷ್ಟೇ ಹಾರಿ ಇಳದಿದ್ದೆ, ನನ್ನ ಗಾಡಿ ಕೀಲಿ ಗುಡ್ಡದ ಮ್ಯಾಲ. ಕೈಗಿ ಸಿಕ್ಕದ್ದು ಇದು. ನಿನ್ನ ಮುಷ್ಟ್ಯಾಗ ತುರುಕಿದೆ. ನೀ ಇದನ್ನ ಹಿಡಕೊಂಡು ಕಲ್ಲಿಗೆ ಬಡದಿ, ಬಡದಿ… ಯಾ ಅಲ್ಲಾ, ಆ ಸಪ್ಪಳ ನನ್ನ ಕಿವಿಯಾಗಿಂದ ಹೋಗವಲ್ದು.”

ನನಗೆ ಮೊದಲು ಬಂದದ್ದು ನಗೆ. “ಭಾಯಿ, ಇದು ಅಲ್ಯೂಮಿನಿಯಂ. ಕಬ್ಬಣ ಅಲ್ಲೇ ಅಲ್ಲ” ಅಂದೆ. ಅವರೂ ನಕ್ಕರು. ನಗುತ್ತಾ ನಗುತ್ತಾ ಆ ಮಂಟಪದ ಹಾಸುಗಲ್ಲಿನ ಮೇಲೆ ಕುಳಿತು ನಾನು ಗೊಳೋ ಎಂದು ಅತ್ತೆ. ಫಿಟ್ಸ್. ಆ ಶಬ್ದವನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

“ನಿನ್ನ ಯಜಮಾನ್ರು ಕೈ ಮುಗದ್ರು. ‘ಮೊದಲ ನಾ ಹೇಳ್ತೀನಿ, ನೀವು ಸುಮ್ಮನಿರ್ರಿ’ ಅಂದ್ರು. ನಾ ಏನ್ ಮಾಡ್ಲಿ? ನಿನ್ನ ಹಾರಲಾಕ ಬಿಡೂ ಹಂಗಿಲ್ಲ, ಯಾಕಂತ ಹೇಳೂ ಹಂಗಿಲ್ಲ. ಗಾಳಿ ಮ್ಯಾಲ ಹಾಕಿದೆ.”

ಕಲ್ಲಿಗೆ ಬಡಿದ ಕೊಂಡಿ ನೋಡಲಿಕ್ಕೆ ಗಟ್ಟಿಯಾಗಿಯೇ ಇರುತ್ತದೆ. ನೂರು ಸಲ ತಡೆಯಬಹುದು. ಆದರೂ ಅದಕ್ಕೆ ಮತ್ತೆ ಮನುಷ್ಯರನ್ನು ತೂಗುಹಾಕುವುದಿಲ್ಲ. ಯಾರೂ ತಪ್ಪಿ ಬಳಸಬಾರದೆಂದು ಸುತ್ತಿಗೆಯಿಂದ ಜಜ್ಜಿ ಬಿಸಾಡುತ್ತೇವೆ. ನಾನೇ ಎಷ್ಟೋ ಕೊಂಡಿ ಜಜ್ಜಿದ್ದೇನೆ. ಅವತ್ತು ಅದನ್ನು ಕೈಯಲ್ಲಿ ಹಿಡಿದಾಗ ನನ್ನ ಗತಿ ಏನು ಎಂದು ತಟ್ಟನೆ ಹೊಳೆಯಿತು. ಇನ್ನು ನಾನು ಜನರನ್ನು ಹಾರಿಸುತ್ತೇನೋ ಇಲ್ಲವೋ?

ಮನೆಗೆ ಹೋಗಿ ಗಂಡನನ್ನು ಹಿಡಿದು ಅಲುಗಿಸಬೇಕು ಎಂದುಕೊಂಡಿದ್ದೆ. ಅವರು ಕಟ್ಟೆ ಮೇಲೆ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದರು. ನನ್ನ ಮುಖ ನೋಡಿದವರೇ ಎಲ್ಲ ತಿಳಿದುಕೊಂಡರು.

“ಆವತ್ತು ದವಾಖಾನ್ಯಾಗೇ ನರದ ಡಾಕ್ಟರಿಗೆ ತೋರಸ್ರಿ ಅಂದಿದ್ರು. ದಿನಾ ಹೇಳಬೇಕು ಅಂತ ಬಾಯಿ ತೆಗೀತಿದ್ದೆ. ನೀ ಹಾರೂ ಮಾತು ಮಾತಾಡ್ತಿದ್ದಿ. ನನಗ ಆಗ್ಲಿಲ್ಲ ಸುನಂದಾ.” ಹೇಳುತ್ತ ಹೇಳುತ್ತ ಅತ್ತರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಬಯ್ಯಲು ಬಂದವಳು ಪಕ್ಕದಲ್ಲಿ ಕುಳಿತೆ. ಸೊಪ್ಪು ನಾನೂ ಬಿಡಿಸಿದೆ.

ಕಲಬುರಗಿಯ ದೊಡ್ಡ ಆಸ್ಪತ್ರೆಯ ನರರೋಗ ವಿಭಾಗದ ಹೊರಗೆ ಉದ್ದನೆಯ ಬೆಂಚುಗಳಿವೆ. ಅಲ್ಲಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಮ್ಮವರು ಯಾರಾದರೂ ಕಂಡಾರೆಂದು ನಾನೂ ಸೆರಗು ಮುಖದ ಮೇಲೆ ಎಳೆದುಕೊಂಡು ಕುಳಿತಿದ್ದೆ. ಆಕಾಶದಿಂದ ಧುಮುಕುವ ಹೆಂಗಸು ಬೆಂಚಿನ ಮೇಲೆ ಕೂರಲು ಹೆದರಿದ್ದಳು ನೋಡಿ. ಪಕ್ಕದಲ್ಲಿ ಒಬ್ಬ ಮುದುಕಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಆರಾಮಾಗಿ ತಿನ್ನುತ್ತಿದ್ದಳು.

“ಯಾರಿಗವ್ವಾ, ನಿನಗೇನು?” ಎಂದು ನನ್ನನ್ನು ಕೇಳಿದಳು.

ಸೆರಗು ಇನ್ನಷ್ಟು ಎಳೆದುಕೊಂಡೆ.

“ನನಗ ಫಿಟ್ಸ್ ಅದ. ಲಗ್ನದ ಮೊದಲಿನಿಂದ್ಲೂ ಅದ. ಆರು ಮಕ್ಕಳ ಹಡದೀನಿ, ಹೊಲ ಮಾಡೀನಿ. ಗುಳಿಗಿ ಬಿಡಬ್ಯಾಡ, ನಿದ್ದಿ ಬಿಡಬ್ಯಾಡ. ಹಿಡಿ, ರೊಟ್ಟಿ ತಿನ್ನು.” ಮುಖದ ಮೇಲಿನ ಸೆರಗು ತೆಗೆದು ರೊಟ್ಟಿ ತಿಂದೆ. ಆ ತಾಯಿಯ ಹೆಸರು ಕೇಳಲೇ ಇಲ್ಲ.

ತಲೆಗೆಲ್ಲ ಅಂಟು ಹಚ್ಚಿ ವೈರು ಸಿಕ್ಕಿಸಿದರು. ಆ ಅಂಟು ಹೋಗಲು ಸೀಗೆಕಾಯಿ ಹಾಕಿ ತಿಕ್ಕಬೇಕಾಯಿತು. ಸ್ಕ್ಯಾನಿನ ಕೊಳವೆಯೊಳಗೆ ಮಲಗಿಸಿದಾಗ ಅದರ ಕಟಕಟ ಶಬ್ದಕ್ಕೆ ಜೀವ ಬಾಯಿಗೆ ಬಂತು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿಧಾನ ಮಾತು. “ಗಡ್ಡೆ ಏನೂ ಇಲ್ಲ, ಹೆದರಬೇಡಿ. ಆದರೆ ಇದು ಮೂರ್ಛೆರೋಗವೇ. ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು. ಸ್ಕೂಟಿ ಸದ್ಯಕ್ಕೆ ಬೇಡ. ಹಾರಾಟ ಬೇಡವೇ ಬೇಡ” ಎಂದರು.

“ಎಷ್ಟು ದಿನ?”

“ಮೊದಲು ನಿಲ್ಲಲಿ. ಆಮೇಲೆ ಮಾತಾಡೋಣ.”

ಎರಡನೆಯ ಸಲ ಬಂದದ್ದು ಅಡುಗೆಮನೆಯಲ್ಲಿ, ಮಾತ್ರೆ ಶುರುವಾದ ಹೊಸದರಲ್ಲಿ. ರೊಟ್ಟಿ ಬಡಿಯುತ್ತಿದ್ದೆ. ನನ್ನ ಮಗಳು ಪೂರ್ಣಿಮಾ ಪಿಯುಸಿ ಓದುತ್ತಿದ್ದಳು. ಅವಳು ಒಲೆ ಆರಿಸಿ, ನನ್ನನ್ನು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ತನ್ನ ಓಡನಿ ಮಡಚಿಟ್ಟು, ಅಷ್ಟೇ ಮಾಡಿ ಪಕ್ಕದಲ್ಲಿ ಕುಳಿತಿದ್ದಳಂತೆ. ಮನೆಗೆ ಬಂದಿದ್ದ ಅವ್ವ ಕೀಲಿಗೊಂಚಲು ತಂದರೆ, “ಅಜ್ಜಿ, ಅದನ್ನ ಒಳಗಿಡು. ಕೈಯಾಗ ಏನೂ ಕೊಡಬ್ಯಾಡ, ಬಾಯಾಗೂ ಏನೂ ಹಾಕಬ್ಯಾಡ” ಎಂದು ಗದರಿಸಿದಳಂತೆ. ಎಚ್ಚರವಾದಾಗ “ಮಮ್ಮಿ, ನಾ ಇಲ್ಲೇ ಅದೀನಿ” ಅಂದಳು. ಆ ಹುಡುಗಿಯ ಕೈ ಮಂಜುಗಡ್ಡೆ ಆಗಿತ್ತು. ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಹೀಗಾದರೆ ನನ್ನ ಮಗಳು ಮಾಡಿದಷ್ಟೇ ಮಾಡಿ. ಬೇಗ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಮಾತ್ರೆಗೆ ನಿದ್ದೆ ಬಂತು, ಮರೆವು ಬಂತು, ಮೊದಲೇ ಇದ್ದ ಸಿಟ್ಟು ಇಮ್ಮಡಿಯಾಯಿತು. ಮಾತ್ರೆ ಬದಲಾಯಿಸಿದ ಮೇಲೆ ತಿಳಿಯಾಯಿತು. ಅವ್ವ ಮಾತ್ರ ಕೇಳಿದವರಿಗೆಲ್ಲ “ಆಕಿಗೆ ಮೊಣಕಾಲು ನೋವು, ಅದಕ್ಕ ಹಾರೂದು ಬಿಟ್ಟಾಳ” ಎಂದು ಹೇಳಿಕೊಂಡು ತಿರುಗಿದಳು. ಓಣಿಯ ಹೆಂಗಸರೆಲ್ಲ ನನಗೆ ಎಳ್ಳೆಣ್ಣೆ ತಂದುಕೊಟ್ಟರು. ಮನೆಯಲ್ಲಿ ಎಳ್ಳೆಣ್ಣೆಯ ಅಂಗಡಿ ಇಡುವಷ್ಟಾಯಿತು. ಕಡೆಗೊಂದು ದಿನ ನಾನೇ ಓಣಿಯಲ್ಲಿ ನಿಂತು, “ನನಗ ಮೊಣಕಾಲು ನೋವಿಲ್ರೀ, ಫಿಟ್ಸ್ ಅದ. ಎಣ್ಣಿ ಸಾಕು” ಎಂದುಬಿಟ್ಟೆ. ಒಬ್ಬಿಬ್ಬರು ದೂರ ಸರಿದರು. ಉಳಿದವರು ಚಹಾಕ್ಕೆ ಕರೆದರು.

ರಫೀಕ್ ಭಾಯಿ ನನ್ನ ಪಾಲು ಬಿಡಿಸಲಿಲ್ಲ. ಹಾರಿಸಲು ಪುಣೆ ಕಡೆಯಿಂದ ಇನ್ನೊಬ್ಬರನ್ನು ಕರೆಸಿದರು. ಕೆಳಗಿನ ಉಸ್ತುವಾರಿ ನನ್ನದು. ಬಂದವರ ಬೆಲ್ಟು ಬಿಗಿಯುವುದು, ತೊಡೆಯ ಪಟ್ಟಿ ಕೈಯಿಟ್ಟು ನೋಡುವುದು, ಗಾಳಿ ತಪ್ಪಿದರೆ ಎಲ್ಲ ನಿಲ್ಲಿಸುವುದು. ಕೆಲಸ ಮಾಡಿದೆ. ಮೊದಮೊದಲು ಪ್ರತಿ ರೆಕ್ಕೆ ಎದ್ದಾಗಲೂ ಕಣ್ಣು ತುಂಬುತ್ತಿತ್ತು. ಯಾರಿಗೂ ಕಾಣಬಾರದೆಂದು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ.

ಎರಡು ವರ್ಷ ಒಂದೂ ಫಿಟ್ಸ್ ಬರಲಿಲ್ಲ. ಡಾಕ್ಟರು ಸ್ಕೂಟಿ ಓಡಿಸಿ ಎಂದರು. ಆ ಖುಷಿಯಲ್ಲಿ ಧೈರ್ಯ ಮಾಡಿ ಕೇಳಿದೆ, “ಮೇಡಂ, ಮತ್ತೆ ಹಾರಿಸಲಾ?”

ಅವರು ಪೆನ್ನು ಕೆಳಗಿಟ್ಟರು. “ಸುನಂದಾ ಅವರೇ, ನಿಮಗೆ ಮತ್ತೆ ಬರುವುದಿಲ್ಲ ಎಂದು ನಾನು ಹೇಳಲಾರೆ. ನೆಲದ ಮೇಲೆ ಬಂದರೆ ಮಲಗಿಸುತ್ತಾರೆ. ಅಲ್ಲಿ?”

ಉತ್ತರ ನನಗೆ ಗೊತ್ತಿತ್ತು. ಆದರೂ ಬೇರೊಬ್ಬರ ಬಾಯಿಂದ ಕೇಳಿದಾಗ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡೆ. “ಮುಂದಿನ ಸೀಟಿನಲ್ಲಿ ಕುಳಿತು ಹಾರಬಹುದಾ? ಹಿಂದಿನವರಿಗೆ ಎಲ್ಲ ಗೊತ್ತಿದೆ” ಎಂದೆ. ಅವರು ರಫೀಕ್ ಭಾಯಿಯನ್ನೇ ಕರೆಸಿ ಮಾತಾಡಿದರು. ಗಾಳಿಯಲ್ಲಿ ನನಗೆ ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳಿದರು. ಭಾಯಿ ಪರೀಕ್ಷೆಗೆ ಬಂದ ಹುಡುಗನ ಹಾಗೆ ಎದ್ದು ನಿಂತು ಉತ್ತರ ಹೇಳಿದರು. ಆಮೇಲೆ ಒಪ್ಪಿಗೆ ಸಿಕ್ಕಿತು.

ಚಳಿಗಾಲದ ಒಂದು ಬೆಳಿಗ್ಗೆ ಗುಡ್ಡದ ಮೇಲೆ ನಿಂತೆ. ಗಾಳಿ ನೆಟ್ಟಗೆ ಎದೆಗೆ ಬರುತ್ತಿತ್ತು. ಕೆಳಗಿನ ಹೊಲದಲ್ಲಿ ಗಂಡ ಮತ್ತು ಮಗಳು ಕಾಯುತ್ತಿದ್ದರು. ರಫೀಕ್ ಭಾಯಿ ನನ್ನ ಬೆಲ್ಟು ಒಂದೊಂದೇ ಎಳೆದು ನೋಡಿದರು. ಓಡು ಎಂದರು, ಓಡಿದೆ. ‘ಕಾಲು ನೆಲ ಬಿಡೂ ತನಕ ಓಡ್ರಿ, ನಡುವ ಕೂಡಬ್ಯಾಡ್ರಿ’ ಎಂದು ಎಷ್ಟು ಗಿರಾಕಿಗಳಿಗೆ ಗಂಟಲು ಹರಿದುಕೊಂಡಿದ್ದೇನೆ! ಈಗ ನಾನೇ ಅರ್ಧ ದಾರಿಯಲ್ಲಿ ಕುಳಿತುಬಿಟ್ಟೆ.

“ಬೆಹೆನ್! ಕೂಡಬ್ಯಾಡ, ಓಡು!” ಹಿಂದಿನಿಂದ ಕೂಗಿದರು. ನಾಚಿಕೆಯಾಗಿ ಮತ್ತೆ ಓಡಿದೆ. ನೆಲ ಬಿಟ್ಟಿತು.

ಇಷ್ಟು ವರ್ಷ ಹಾರಿಸಿದಾಗಲೆಲ್ಲ ನನ್ನ ಕಣ್ಣೆದುರು ಯಾರದೋ ಹೆಲ್ಮೆಟ್ ಇರುತ್ತಿತ್ತು. ಅದರ ಆಚೀಚೆ ಇಣುಕಿ ನೋಡಿದಷ್ಟೇ ಊರು. ಈಗ ಮುಂದೆ ಯಾರೂ ಇರಲಿಲ್ಲ. ಕೆಂಪು ಬಾಳೆಯ ತೋಟಗಳು, ತೊಗರಿಯ ಹೊಲಗಳು, ಹುಮನಾಬಾದ್ ರಸ್ತೆಯ ಮೇಲೆ ಆಟಿಕೆಯಂಥ ಲಾರಿಗಳು. ಇಷ್ಟೆಲ್ಲ ಇತ್ತೇ ಇಲ್ಲಿ ಎಂದುಕೊಂಡೆ.

ಗಾಳಿ ಒಮ್ಮೆ ಸಣ್ಣಗೆ ಎತ್ತಿ ಕುಕ್ಕಿತು. ನನ್ನ ಎರಡೂ ಕೈ ತಾವಾಗಿಯೇ ಮೇಲೆ ಹೋಗಿ, ರೆಕ್ಕೆ ತಿರುಗಿಸುವ ಹಿಡಿಗಳನ್ನು ಹುಡುಕಿದವು. ಅಲ್ಲಿ ಏನೂ ಇರಲಿಲ್ಲ. ಹಿಡಿಗಳು ಹಿಂದೆ ಭಾಯಿಯ ಕೈಯಲ್ಲಿದ್ದವು. ಅವರು ನೋಡಿದರು.

“ಹಿಡೀತಿಯೇನು?” ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು. “ಎತ್ತರ ಬಹಳ ಅದ. ನಾನೂ ಜೋಡಿ ಹಿಡಕೊಂಡಿರ್ತೀನಿ. ಒಂದೇ ಒಂದು ತಿರುವು ಮಾಡು. ಯಾರಿಗೂ ಹೇಳಂಗಿಲ್ಲ.”

ಹಿಡಿಗಳು ನನ್ನ ಕಣ್ಣ ಮುಂದೆ ಬಂದವು. ಬೇಕಿತ್ತು. ಹೊಟ್ಟೆ ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಿತ್ತು. ಬೆರಳು ತಾಗುವಷ್ಟು ಹತ್ತಿರ ಇತ್ತು. ನನ್ನ ಬೆನ್ನಿಗೆ ಅವರ ಎದೆಯುಸಿರು ತಾಗುತ್ತಿತ್ತು.

“ಬ್ಯಾಡ ಭಾಯಿ. ನೀವೇ ಹಿಡೀರಿ.”

“ಯಾಕ?”

“ಇವತ್ತು ನಾ ಗಿರಾಕಿ.”

ಕೈಗಳನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡೆ. ಆಮೇಲೆ ಅತ್ತೆ. ನಾಚಿಕೆ ಬಿಟ್ಟು, ಜೋರಾಗಿ, ಆ ಎರಡು ವರ್ಷದ್ದೆಲ್ಲ ಸೇರಿಸಿ ಅತ್ತೆ. ಕೆಳಗೆ ಯಾರಿಗೂ ಕೇಳಿಸುವಂತಿರಲಿಲ್ಲ. ರಫೀಕ್ ಭಾಯಿಗೆ ಕೇಳಿಸಿತು. ಇಳಿಯುವ ಹೊತ್ತಾಗಿತ್ತು, ಹೊಲದಲ್ಲಿ ಮಗಳು ಕೈ ಬೀಸುತ್ತಿದ್ದಳು. ಅವರು ಇಳಿಸದೆ ಇನ್ನೊಂದು ಸುತ್ತು ಹಾಕಿದರು.